ಟೈಮಿಂಗ್

ದಿನಕ್ಕೆ ನಾಲ್ಕೂವರೆ ಪುಟ, ಆದಿತ್ಯವಾರ ರಜೆ.
ದೀನಾ ಟೀಚರ್ ಗೆರೆ ಎಳೆದು ಕೊಟ್ಟ ಪಟ್ಟಿಯನ್ನು
ಹಳೆಯ ಬಸ್ ಪಾಸಿನ ಪ್ಲಾಸ್ಟಿಕ್ಕಿಗೆ ತುರುಕಿ
ಟಿಕೆಟ್ ಮೆಷಿನ್ನಿನ ಬೆನ್ನಿಗೆ ರಬ್ಬರ್ ಬ್ಯಾಂಡ್ ಹಾಕಿದ್ದೇನೆ.
ಸ್ಟೇಟ್ ಬ್ಯಾಂಕಿನಲ್ಲಿ ಗಾಡಿ ತಿರುಗಿಸಿ ನಿಲ್ಲಿಸಿದರೆ ಏಳು ನಿಮಿಷ.
ಏಳು ನಿಮಿಷಕ್ಕೆ ಒಂದು ಪುಟ,
ಚಾ ಕುಡಿದರೆ ಮುಕ್ಕಾಲು.

ಪುಸ್ತಕ ಅಂದರೆ ಹೊಲಿದು ಕಟ್ಟಿದ ಪುಸ್ತಕವೂ ಅಲ್ಲ ಅದು.
ನಾನೂರೈವತ್ತು ವರ್ಷದ ಹಿಂದೆ ಯಾವುದೋ ಚಳಿಯೂರಿನಲ್ಲಿ ಬರೆದದ್ದನ್ನು
ನಮ್ಮ ಸಭೆಯ ಹಿಂದಿನ ಅಯ್ಯನವರು, ಮೋಶೆ ಕರ್ಕಡರು,
ಕನ್ನಡಕ್ಕೆ ಇಳಿಸಿ, ಸ್ಟೆನ್ಸಿಲ್ ಕೊರೆದು,
ಸೈಕ್ಲೋಸ್ಟೈಲ್ ಮಾಡಿಸಿದ್ದು. ಅಚ್ಚಾಗಲೇ ಇಲ್ಲ.
ಅವರ ವಾಕ್ಯಗಳಿಗೆ ನಡುವೆ ಸ್ಟಾಪ್ ಇಲ್ಲ,
‘ಆದಕಾರಣ’ದಲ್ಲಿ ಹತ್ತಿಸಿಕೊಂಡರೆ
ಮುಂದಿನ ಪುಟದ ‘ಎಂಬುದಾಗಿ’ಯಲ್ಲಿ ಇಳಿಸುತ್ತವೆ.

ಜನವರಿಯಲ್ಲಿ ಹನ್ನೊಂದು ಜನ ಇದ್ದೆವು.
ಗರಿಗಳ ಆದಿತ್ಯವಾರಕ್ಕೆ ಐದು.
ಪೋಸ್ಟಾಫೀಸಿನ ಸಾಲಿನ್ಸರಿಗೆ ಕಣ್ಣಿನ ಪೊರೆ,
ಹುಡುಗರಿಗೆ ಪರೀಕ್ಷೆ,
ನನಗೆ ಜೆಪ್ಪುವಿನಲ್ಲಿ ಮಾರ್ಗ ಅಗೆದದ್ದು.
ಗಾಡಿ ಬ್ಲಾಕಿನಲ್ಲಿ ನಿಂತರೆ ಓದಬಹುದಲ್ಲವಾ, ಅಂದರು ಟೀಚರ್.
ನಿಂತ ಗಾಡಿಯ ಜನ ಕಂಡಕ್ಟರನ ಮುಖ ಓದುತ್ತಾರೆ
ಅಂತ ಅವರಿಗೆ ಹೇಗೆ ಹೇಳುವುದು.

ಡ್ರೈವರ್ ವಾಮಣ್ಣ ದಿನಾ ಕೇಳುತ್ತಾನೆ: ಇವತ್ತು ಎಂತ ಬಂತು?
ದೇವರು ಮೊದಲೇ ಆರಿಸಿ ಇಟ್ಟಿದ್ದಾನಂತೆ,
ಯಾರು ಒಳಗೆ, ಯಾರು ಹೊರಗೆ.
ಅವನು ಸ್ಟಿಯರಿಂಗ್ ಒರೆಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದ.
‘ಮತ್ತೆ ನೀನು ಓದುವುದು ಯಾಕೆ ಮಾರಾಯ?’

ಅದಕ್ಕೆ ಆರುನೂರ ಹದಿನೇಳನೇ ಪುಟದಲ್ಲಿ ಉತ್ತರ ಉಂಟಂತೆ.
ಪಟ್ಟಿಯ ಪ್ರಕಾರ ಜೂನ್ ಒಂಬತ್ತು.

ಅಪ್ಪನಿಗೆ ಹಂಚಿನ ಕಾರ್ಖಾನೆಯಲ್ಲಿ
ಸುಟ್ಟ ಹಂಚು ವಿಂಗಡಿಸುವ ಕೆಲಸ ಇತ್ತು.
ಬೆರಳ ಗೆಣ್ಣಿನಿಂದ ಒಂದೇ ಒಂದು ಪೆಟ್ಟು.
ಠಣ್ ಅಂದರೆ ಒಂದನೇ ನಂಬ್ರ, ಬಂದರಿಗೆ.
ಬೊದ್ ಅಂದರೆ ಆಚೆಗೆ ರಾಶಿಗೆ.
ತನ್ನೊಳಗಿನ ಬಿರುಕು ಹಂಚಿಗೆ ಎಂತ ಗೊತ್ತು?
ಆ ಅಧ್ಯಾಯ ಓದುವಾಗೆಲ್ಲ
ನನ್ನ ಬೆನ್ನ ಮೇಲೆ ಯಾರದೋ ಗೆಣ್ಣು.
ಆದರೂ ಹೇಳಬೇಕು:
ನಮ್ಮ ಮನೆಯ ಮಾಡು ಪೂರಾ ಆಚೆಯ ರಾಶಿಯದ್ದು,
ಅಪ್ಪ ಶನಿವಾರ ಶನಿವಾರ ತಲೆಯಲ್ಲಿ ಹೊತ್ತು ತಂದದ್ದು.
ಮೂವತ್ತೆಂಟು ಮಳೆಗಾಲ ದಾಟಿಸಿದೆ.
ಕರ್ಕಡ ಅಯ್ಯನವರು ಬದುಕಿದ್ದಿದ್ದರೆ
ಇದನ್ನು ಯಾವ ಪುಟದ ಅಂಚಿನಲ್ಲಿ ಬರೆಯಲಿ ಅಂತ ಕೇಳುತ್ತಿದ್ದೆ.

ಈಗ ನಾನು ಹತ್ತೊಂಬತ್ತು ದಿನ ಲೇಟು.
ಮೂರು ನಿಮಿಷ ತಪ್ಪಿದರೆ ಟೈಮ್‌ಕೀಪರ್ ದಂಡ ಬರೆಯುತ್ತಾನೆ.
ಟೀಚರ್ ಬರೆಯುವುದಿಲ್ಲ, ಅದೇ ಕಷ್ಟ.
‘ಕ್ರಿಯೆಗಳಿಂದಲ್ಲ, ಕ್ರಿಯೆಗಳಿಂದಲ್ಲ’ ಎನ್ನುವ ಪುಸ್ತಕವನ್ನು
ದಿನದ ಚೌಕಕ್ಕೆ ಸರಿಗುರುತು ಹಾಕುತ್ತ ಓದುವುದು!
ನಗು ಬರುತ್ತದೆ. ಹಾಕುತ್ತೇನೆ.
ಒಂದು ಗುರುವಾರ ಓದದೆಯೇ ಹಾಕಿದೆ,
ರಾತ್ರಿ ಉಗುಳು ಹಚ್ಚಿ ಉಜ್ಜಿದೆ.
ಶಾಯಿ ಹೋಗಲಿಲ್ಲ, ಕಾಗದ ತೂತಾಯಿತು.
ಆ ಗುರುವಾರದಲ್ಲಿ ಈಗ ಹಿಂದಿನ ತಿಂಗಳು ಕಾಣುತ್ತದೆ.

ಕಡೆಯ ಟ್ರಿಪ್ಪು. ಮಂಗಳಾದೇವಿಯಲ್ಲಿ ಎಲ್ಲರೂ ಇಳಿದರು.
ಲೈಟ್ ಆರಿಸಲು ಕೈ ಚಾಚಿದ ವಾಮಣ್ಣ
ಹಿಂತಿರುಗಿ ನೋಡಿದ.
ಚಿಲ್ಲರೆಯ ಬ್ಯಾಗು ಮಡಿಲಲ್ಲಿ, ನಾನು
ಮೇ ಇಪ್ಪತ್ತೊಂದರ ಮೂರನೇ ಪುಟದಲ್ಲಿದ್ದೆ,
ಜೂನ್ ಹನ್ನೆರಡರ ರಾತ್ರಿ.
‘ಅದೊಂದು ವಾಕ್ಯ ಮುಗಿಸು,’ ಅಂದ.
ಮುಗಿಯುವಂಥದ್ದಲ್ಲ ವಾಮಣ್ಣ, ‘ಆದಕಾರಣ’ ಈಗಷ್ಟೇ ಬಂತು.
‘ಹಾಗಾದರೆ ಗಟ್ಟಿಯಾಗಿ ಓದು.’

ಓದಿದೆ.
ಮಳೆ ಬಸ್ಸಿನ ತಗಡನ್ನು
ಒಂದೊಂದೇ ಬೆರಳಿಂದ ತಟ್ಟಿ ನೋಡುತ್ತಿತ್ತು.
ಕೀಲಿಯ ಮೇಲೆ ಕೈಯಿಟ್ಟುಕೊಂಡೇ ಅವನು ಕೂತ,
ಕೃಪೆ ಎಂಬ ಶಬ್ದ ಮೂರು ಸಲ ಹಾದುಹೋದರೂ
ಎಂತ ಅಂತ ಕೇಳದೆ,
ಒಂದೂವರೆ ಪುಟ ದಾಟಿ
ಕ್ರಿಯಾಪದ ಬರುವವರೆಗೆ.